ಎಡಕ್ಕೆ ಹೋದ ಗೀಟು

ಸೀಮೆಸುಣ್ಣ ಕಿರ್ ಎಂದಿತು, ಹಲಗೆಯ ಮೇಲೆ ಬಾಣದ ಮೊನೆ ಎಡಕ್ಕೆ ತಿರುಗಿದೆ — ಎಡಕ್ಕೆ, ಇವತ್ತೇ ಆಗಬೇಕಿತ್ತೇ ನಜೀಮಾ, ಹಿಂದಿನ ಬೆಂಚಿನಲ್ಲಿ ಬೆಂಗಳೂರಿನಿಂದ ತಪಾಸಣೆಗೆ ಬಂದ ಸಾಹೇಬರು, ಅವರ ಪಕ್ಕ ನಮ್ಮ ಪ್ರಿನ್ಸಿಪಾಲ್ ಬಸವಂತ್ರಾಯರು, ಬೆಳಿಗ್ಗೆಯೇ ಹೇಳಿದ್ದರು, ಇವತ್ತೊಂದಿನ ಇಂಗ್ಲಿಷ್ ಬಿಟ್ಟು ಬ್ಯಾರೆ ಮಾತ ಬ್ಯಾಡ್ರಿ ಅಕ್ಕೋರ, ನಿಮ್ಮ ನೌಕ್ರಿ ಕಾಯಂ ಆಗೋದು ಅವರ ಕೈಯಾಗ ಐತಿ, ಹೂಂ ಎಂದೆ, ಹೂಂ ಎನ್ನುವುದು ನನಗೆ ಹಳೆಯ ಅಭ್ಯಾಸ, ನಮ್ಮೂರು ಸಗರದಿಂದ ಹೈದರಾಬಾದಿನ ಕಾಲೇಜಿಗೆ ಹೋದಾಗಲೂ ಅಷ್ಟೇ, ಉಸ್ತಾದರ ಉರ್ದು ತಲೆಯ ಮೇಲೆ ಹಾದುಹೋಗುತ್ತಿತ್ತು, ಸಮಝೇ? ತಿಳಿಯಿತೇ ಎಂದರೆ ಜೀ, ಹೌದು, ಏನೂ ತಿಳಿದಿರಲಿಲ್ಲ, ಜೀ ಎಂದು ಕೂತುಬಿಡುತ್ತಿದ್ದೆ, ರಾತ್ರಿ ಪುಸ್ತಕದ ಚಿತ್ರಗಳನ್ನು ನೋಡಿ ಲೆಕ್ಕ ಕಲಿತೆ.

ಇವತ್ತು ಇಂಗ್ಲಿಷಿನಲ್ಲೇ ಶುರುಮಾಡಿದ್ದೆ, ಮೈನಸ್ ಮೂರರಿಂದ ಎರಡರವರೆಗೆ ಎಷ್ಟು ದೂರ, ಎದುರಿನ ಮುಖಗಳೆಲ್ಲ ಬಾಗಿಲು ಹಾಕಿಕೊಂಡವು, ಗುರುಮಠಕಲ್ಲಿನ ಅಮರಪ್ಪ ಪಕ್ಕದವನಿಗೆ ತೆಲುಗಿನಲ್ಲಿ ಪಿಸುಗುಟ್ಟಿದ, ಏಮೀ ಅರ್ಥಂ ಕಾಲೇದುರಾ, ಏನೂ ತಿಳಿಯಲಿಲ್ಲವಂತೆ, ಕೇಳಿಸಿತು, ಕೇಳಿಸದಂತೆ ಇರಬಹುದಿತ್ತು, ಸುನ್ನ ನುಂಚಿ ಲೆಕ್ಕಪೆಟ್ಟು ಎಂದುಬಿಟ್ಟೆ, ಸುರಪುರದ ಹುಡುಗರಿಗೆ ಸೊನ್ನಿಯಿಂದ ಎಣಿಸ್ರಿ ಎಂದೆ, ಶಹಾಪುರದ ನಜೀಮಾಳಿಗೆ ಸಿಫರ್ ಸೇ ಗಿನೋ ಬೇಟಾ, ಎಂದೂ ಹಲಗೆಯ ಹತ್ತಿರ ಬಾರದವಳು ಎದ್ದು ಬಂದಳು, ಉರ್ದು ಶಾಲೆಯಲ್ಲಿ ಬಲದಿಂದ ಎಡಕ್ಕೆ ಅಕ್ಷರ ತಿದ್ದಿದ ಕೈ ಅಂಕಿಗಳ ಗೀಟನ್ನೂ ಬಲಗಡೆಯಿಂದಲೇ ಎಳೆಯಿತು, ಮೈನಸ್ಸೆಲ್ಲ ಬಲಕ್ಕೆ, ಪ್ಲಸ್ಸೆಲ್ಲ ಎಡಕ್ಕೆ, ತುದಿಯಲ್ಲಿ ಆ ಬಾಣ.

ಹಿಂದಿನಿಂದ ಸಾಹೇಬರ ನಗು, ಏನಮ್ಮಾ, ನಿಮ್ಮ ಕಡೆ ಲೆಕ್ಕಾನೂ ಹಿಂದುಮುಂದಾಗಿ ಓಡುತ್ತಾ, ನಿಜಾಮರ ಸೀಮೆಯ ನಾವೂ ಸೇರಿ ರಾಜ್ಯ ಒಂದಾದ ಮೇಲೆ ಈ 'ನಿಮ್ಮ ಕಡೆ' ಎಷ್ಟು ಸಲ ಕೇಳಿದ್ದೇನೆ, ಅದನ್ನ ಒರೆಸಿ, ಇಂಗ್ಲಿಷಲ್ಲಿ ಸರಿಯಾಗಿ ಹೇಳಿಕೊಡಿ ಎನ್ನುತ್ತಿದ್ದಾರೆ ಸಾಹೇಬರು, ಬಸವಂತ್ರಾಯರು ಕಣ್ಣಲ್ಲೇ ಬೇಡುತ್ತಿದ್ದಾರೆ, ಡಸ್ಟರ್ ನನ್ನ ಕೈಯಲ್ಲಿದೆ, ಗಲತ್ ಹೈ ಕ್ಯಾ ಅಕ್ಕೋರ, ತಪ್ಪೇ ಎಂದು ಕೇಳುತ್ತಿದ್ದಾಳೆ ನಜೀಮಾ, ಈಗ ಒರೆಸಿದರೆ ಇವಳೂ ಜೀ ಎನ್ನುವುದನ್ನು ಕಲಿಯುತ್ತಾಳೆ, ಜನ್ಮವಿಡೀ — ಅಮರಪ್ಪ, ಅಕೀ ಗೀಟಿನ ಮ್ಯಾಲೇ ಎಣಿಸು ಎಂದೆ, ಐದ್ರಿ ಅಕ್ಕೋರ, ಯಾ ಕಡಿಂದ ಹೋದ್ರೂ ಐದ, ಕೇಳಿದ್ರಾ ಸರ್, ದಿಕ್ಕು ಯಾವುದಂತ ಬಾಣ ಹಾಕ್ಯಾಳ್ರಿ, ಲೆಕ್ಕ ತಪ್ಪಿಲ್ಲ, ನಾ ಒರಸಂಗಿಲ್ರಿ, ಯಾರು ಹೇಳಿದ್ದು, ನಾನೇ, ಸಗರದ ಮಾತಿನಲ್ಲಿ, ನೌಕರಿ ಹೋದರೆ ನಾಳೆಯೇ ಊರಿನ ಬಸ್ಸು, ಹೋಗಲಿ, ಸಾಹೇಬರು ಎದ್ದರು, ಬೆಂಚು ಸರಿಯಿತು, ಬರುತ್ತಿದ್ದಾರೆ, ಕೈ ಚಾಚಿದ್ದಾರೆ, ಡಸ್ಟರ್ ಕೊಡಿ ಇಲ್ಲಿ, ಡಸ್ಟರನ್ನು ಬೆನ್ನ ಹಿಂದೆ ಹಿಡಿದು ಅಡ್ಡ ನಿಂತಿದ್ದೇನೆ, ಹಲಗೆಗೆ ತಾಗದ ಹಾಗೆ, ಸೆರಗು ಸೋಕಿದರೂ ಅಳಿಸೀತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ, ಭುಜದ ಪಕ್ಕದಲ್ಲೇ ಆ ಬಾಣ, ಬೆಳ್ಳಗೆ, ಮೊನೆ ಎಡಕ್ಕೆ, ಎಡಕ್ಕೆ —