ಮೂರು ಗಂಟೆಯೊಳಗೆ ಇನ್ನೂರು ಬೆಡ್‌ಶೀಟು

ನನಗೆ ಬಾಯಿ ಜಾಸ್ತಿ ಎಂದು ಎಲ್ಲರೂ ಬೈಯುತ್ತಾರೆ. ಬೈಯಲಿ. ಅವತ್ತು ಮ್ಯಾನೇಜರ್ ಎದುರು ಬಾಯಿ ಮುಚ್ಚಿಕೊಂಡಿದ್ದರೆ ನನ್ನಕ್ಕ ಕೈತಪ್ಪಿ ಹೋಗುತ್ತಿದ್ದಳು.

ನಾವಿಬ್ಬರೂ ದೊಡ್ಡ ಹೋಟೆಲ್ಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು. ಅಲ್ಲಿ ಕಿಟಕಿಯಿಲ್ಲ, ಗಡಿಯಾರವಿಲ್ಲ, ನಮಗೆ ಹೆಸರೂ ಇಲ್ಲ. ಮೆಷಿನ್ನಿನ ನಂಬರೇ ನಮ್ಮ ಹೆಸರು: ಅಕ್ಕ ಏಳು, ನಾನು ಎಂಟು. ಯಾರು ಒಗೆದದ್ದೆಂದು ಗೊತ್ತಾಗಲು ಬಟ್ಟೆಗೂ ಅದೇ ನಂಬರಿನ ಚೀಟಿ ಹೊಲಿಯುತ್ತೇವೆ. ಬೆಳಕು ಹರಿಯುವ ಮೊದಲೇ ಇಳಿದು, ಕತ್ತಲಾದ ಮೇಲೆ ಹತ್ತುತ್ತೇವೆ. ಒಂದು ವರ್ಷದಲ್ಲಿ ಅಕ್ಕ ನಗುವುದು ಬಿಟ್ಟಳು, ನಿದ್ದೆ ಬಿಟ್ಟಳು, ರಜೆಯ ದಿನವೂ ಬೀದಿಗಿಳಿಯಲು ಹೆದರತೊಡಗಿದಳು. ನನ್ನನ್ನು ‘ಬಾಯಿಬಡ್ಕಿ’ ಎಂದು ರೇಗಿಸುವುದನ್ನೂ ಬಿಟ್ಟಳು. ಕೊನೆಗೊಂದು ಭಾನುವಾರ ನೋಡಿದರೆ, ಮಗಳ ಶಾಲೆಯ ಅಂಗಿಗೆ ಏಳನೇ ನಂಬರಿನ ಚೀಟಿ ಹೊಲಿಯುತ್ತಾ ಕೂತಿದ್ದಳು. ಆಗಲೇ ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

“ಮಾತ್ರೆ ಬರೀತೀನಿ, ತಪ್ಪದೆ ಕೊಡಿ,” ಎಂದರು ಡಾಕ್ಟರಮ್ಮ. “ಆದ್ರೆ ಆ ನೆಲಮಾಳಿಗೆಗೆ ನನ್ನ ಹತ್ರ ಮಾತ್ರೆ ಇಲ್ಲಮ್ಮ.”

ಹುಡುಕುವ ಬಳ್ಳಿ ಕಾಲಿಗೆ ತೊಡರಿತು. ಮರುದಿನವೇ ಬಟ್ಟೆ ಒಣಗಿಸುವ ಮೆಷಿನ್ ಕೆಟ್ಟು, ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತ. ನಾನು ನುಗ್ಗಿದೆ.

“ಸಾರ್, ನಾನೂ ಅಕ್ಕನೂ ತಾರಸೀಲಿ ಒಣಗಿಸ್ತೀವಿ. ಸರಿಹೋದ್ರೆ ಮುಂದಕ್ಕೂ ಆ ಕೆಲಸ ನಮಗೇ ಕೊಡ್ಬೇಕು.”

“ಮಧ್ಯಾಹ್ನ ಮೂರು ಗಂಟೆಯೊಳಗೆ ಇನ್ನೂರು ಬೆಡ್‌ಶೀಟು. ಒಂದು ಕಮ್ಮಿಯಾದ್ರೂ ಇಬ್ರೂ ಕೆಳಗೇ.”

ತಾರಸಿಯ ಬಾಗಿಲಲ್ಲಿ ಅಕ್ಕ ಚೌಕಟ್ಟು ಹಿಡಿದು ನಿಂತುಬಿಟ್ಟಳು. “ಬಿಸಿಲು ಕಣ್ಣಿಗೆ ಚುಚ್ತಿದೆ ಕಣೇ. ನಾ ಬರಲ್ಲ.”

ನಾನು ಒತ್ತಾಯಿಸಲಿಲ್ಲ, ಒಂದೊಂದೇ ಹರವುತ್ತಾ ಹೋದೆ. ಅರ್ಧ ಗಂಟೆ ಕಳೆದಿರಬೇಕು, “ಅಂಚು ಎಳಿ, ಸುಕ್ಕಾಗ್ತಿದೆ,” ಎಂಬ ದನಿ ಕೇಳಿತು. ಅಕ್ಕ ಹಗ್ಗದ ಆ ತುದಿಯಲ್ಲಿದ್ದಳು! ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಎರಡೂವರೆಗೆ ಒಣಗಿದ್ದನ್ನೆಲ್ಲ ಮಡಿಸಿ ಎಣಿಸುತ್ತಿದ್ದೆವು. ನೂರ ತೊಂಬತ್ತೊಂಬತ್ತು. ಹಗ್ಗದ ಮೇಲೆ ಉಳಿದದ್ದು ಒಂದೇ ಒಂದು. ಆಗಲೇ ಹಾಳು ಗಾಳಿ ಬೀಸಬೇಕೆ! ಶೀಟು ಗೋಡೆ ದಾಟಿ ಬೀದಿಗೆ ಹಾರಿತು. ತಿರುಗಿದರೆ ಅಕ್ಕ ಇಲ್ಲ. ಮೆಟ್ಟಿಲ ಮೇಲೆ ದಡದಡ ಸದ್ದು ಕೇಳುತ್ತಿತ್ತು.

ಗೋಡೆಯಿಂದ ಬಗ್ಗಿ ನೋಡಿದೆ. ಹಾಡಹಗಲಿನ ಬೀದಿ, ಜನ, ಗಾಡಿಗಳು. ಅವುಗಳ ನಡುವೆ, ಅಂಗಡಿಗೂ ಹೋಗದ ನನ್ನಕ್ಕ ಕೂದಲು ಕೆದರಿಕೊಂಡು ಓಡುತ್ತಿದ್ದಳು. ಹಣ್ಣಿನಂಗಡಿಯ ಚಪ್ಪರಕ್ಕೆ ಸಿಕ್ಕಿಕೊಂಡಿದ್ದ ಶೀಟನ್ನು ಜಿಗಿದು ಎಳೆದಳು. ಅಂಗಡಿಯವನು ಏನೋ ಕೂಗಿದ, ಇವಳೂ ಅವನಿಗೆ ಸರಿಯಾಗಿ ಕೂಗಿದಳು. ಆಮೇಲೆ ತಲೆಯೆತ್ತಿ ನನ್ನನ್ನು ಹುಡುಕಿದಳು.

“ಏ ಬಾಯಿಬಡ್ಕಿ! ಸುಮ್ನೆ ನಿಂತ್ಕೊಂಡು ಏನ್ ನೋಡ್ತಿದೀಯ? ಇನ್ನೆಷ್ಟು ಹೊತ್ತಿದೆ ಹೇಳೇ!”

ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅಳುತ್ತಾ ಎರಡೂ ಕೈ ಮೇಲೆತ್ತಿ ಹತ್ತೂ ಬೆರಳು ತೋರಿಸಿದೆ. ಇನ್ನೂ ಹತ್ತು ನಿಮಿಷವಿತ್ತು.