ಬಿದಿರಿನ ರಾಕೆಟ್

"ಚಂದ್ರಲೋಕಕ್ಕ ಹೊಂಟಂವಗ ಛತ್ರಿ ಯಾಕ ಬೇಕಾತು?"

ಯಾರನ್ನೂ ಕೇಳಿದ್ದಲ್ಲ ಅದು. ಬನವಾಸಿಯ ಕೊಯ್ಲಾದ ಗದ್ದೆಯಲ್ಲಿ ನಾಟಕ ಕಂಪನಿಯ ತಗಡಿನ ಥಿಯೇಟರು ಎದ್ದಿತ್ತು. ಚಾಪೆಯ ಮೇಲೆ ಕಾಲು ಚಾಚಿ ಕುಳಿತ ಮಧುಕೇಶ್ವರ ಮೇಲಿನ ತಗಡನ್ನು ನೋಡುತ್ತ ಕೇಳಿದ್ದ. ಜನರೆಲ್ಲ ಗೊಳ್ಳೆಂದರು. ಛತ್ರಿ ಹಿಡಿದು ರಂಗದ ಮೇಲೆ ನಿಂತಿದ್ದ ವಿಜ್ಞಾನಿಯೂ ಮಾತು ಮರೆತು ನಕ್ಕುಬಿಟ್ಟ. ಹೆಂಗಸರ ಕಡೆ ಕುಳಿತಿದ್ದ ಸಾವಿತ್ರವ್ವ ಮಗನ ಧ್ವನಿ ಗುರುತಿಸಿ ಸೆರಗನ್ನು ಬಾಯಿಗೊತ್ತಿಕೊಂಡಳು. ಗಂಡ ತೀರಿಕೊಂಡ ಮೇಲೆ ಅವಳು ನಕ್ಕದ್ದೆಂದರೆ ಆ ಥಿಯೇಟರಿನಲ್ಲೇ.

ರಷ್ಯಾದವರು ನಾಯಿಯೊಂದನ್ನು ಆಕಾಶಕ್ಕೆ ಹಾರಿಸಿದ ಮರುವರ್ಷ ಅದು. ಆ ಸುದ್ದಿಯ ಬಾಲ ಹಿಡಿದು ಕಂಪನಿಯವರು ಚಂದ್ರಲೋಕದ ನಾಟಕ ಕಟ್ಟಿದ್ದರು. ಚಂದ್ರರಾಜನ ತಲೆಗೆ ಅಲ್ಯುಮಿನಿಯಂ ಬೋಗುಣಿ, ಮೈಗೆ ಸಿಗರೇಟು ಪಾಕೀಟಿನ ಬೆಳ್ಳಿಕಾಗದ ಅಂಟಿಸಿದ ಕೋಟು. ಅವನ ಸೈನಿಕರಿಗೆ ಹಿಂದಿನ ವಾರ ಕೌರವರು ಹಾಕಿಕೊಂಡಿದ್ದ ಕಿರೀಟಗಳೇ. ಮಧು, ಅವನ ಗೆಳೆಯ ಶಂಕ್ರಪ್ಪ, ಓಣಿಯ ಉಳಿದ ಹುಡುಗರು ಒಂದು ಆಟವನ್ನೂ ಬಿಟ್ಟವರಲ್ಲ. ರಾಜ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಇವರು ಒದರುವರು. ಇಲ್ಲಿ ಹನಿ ನೀರಿಲ್ಲವಲ್ಲ ಎಂದು ವಿಜ್ಞಾನಿ ಅತ್ತರೆ, ಹಂಗಾರ ರಾಣಿ ಸೀರಿ ಒಗದಾಕಿ ಯಾರೆಂದು ಶಂಕ್ರಪ್ಪನ ವಿಚಾರಣೆ. ಅಣಕಿಸಿದಷ್ಟೂ ಅವರಿಗೆ ಆ ನಾಟಕದ ಮೇಲೆ ಜೀವ.

ಒಂದು ದಿನ ಸುಂಟರಗಾಳಿಗೆ ರಟ್ಟಿನ ರಾಕೆಟ್ ಚಿಂದಿಯಾಯಿತು. ವಿಜ್ಞಾನಿಯ ಪಾತ್ರದವನು ಚಳಿಜ್ವರ ಬಂದು ಮಲಗಿದ. ಇನ್ನು ಆಟ ಬಂದ್ ಎಂದ ಮಾಲೀಕನನ್ನು ಹುಡುಗರೇ ತಡೆದರು. ರಾಕೆಟ್ ತಾವು ಕಟ್ಟಿಕೊಡುವುದಾಗಿ ಮಾತು ಕೊಟ್ಟರು. ಮಧುವಿಗೆ ಮಾತೆಲ್ಲ ಬಾಯಿಪಾಠವಿತ್ತು, ಪಾತ್ರ ಅವನದಾಯಿತು.

ಬಿದಿರು ಆ ಹುಡುಗರ ಕೈಗೆ ಹೊಸದಲ್ಲ. ಓಣಿಯಲ್ಲಿ ಯಾರೇ ಲಿಂಗೈಕ್ಯರಾಗಲಿ, ವಿಮಾನ ಕಟ್ಟುವವರು ಅವರೇ. ತೀರಿಕೊಂಡವರನ್ನು ಕುಳ್ಳಿರಿಸಿ ಹೊತ್ತೊಯ್ಯುವ ಮಂಟಪ ಅದು: ನಾಲ್ಕು ಕಂಬ, ಬೆನ್ನಿಗೊಂದು ಆಸರೆ, ಮೇಲೆ ಬಗ್ಗಿಸಿದ ಕಮಾನು, ಸುತ್ತ ಬಣ್ಣದ ಕಾಗದ. ಕೈ ತಾನು ಕಲಿತದ್ದನ್ನೇ ಮಾಡಿತು. ನಗುತ್ತ, ಹಾಡುತ್ತ ಕಟ್ಟಿದವರಲ್ಲಿ ಒಬ್ಬನೂ ಹಿಂದೆ ಸರಿದು ನಿಂತು ಅದನ್ನು ನೋಡಲಿಲ್ಲ.

ಪರದೆ ಎದ್ದಾಗ ನೋಡಿದವಳು ಸಾವಿತ್ರವ್ವ. ಒಳಗೆ ಮಗ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ರಾಕೆಟ್ ಮೇಲೇರಿಸಲು ಹಗ್ಗ ಎಳೆಯುವಾಗ ಬೀಳಬಾರದೆಂದು ಅವನ ಎದೆಯನ್ನು ಬಿಳಿ ಪಂಚೆಯಿಂದ ಹಿಂದಿನ ಬಿದಿರಿಗೆ ಬಿಗಿದಿದ್ದರು. ಆಕಾಶದ ಥಂಡಿಯೆಂದು ಮುಖದ ತುಂಬ ಬಿಳಿ ಪುಡಿ. ಗಂಡಸರ ಕಡೆ ನಗು ಎದ್ದಿತು. ಹೆಂಗಸರ ಕಡೆಯದು ಅರ್ಧಕ್ಕೇ ನಿಂತಿತು. ಪಕ್ಕದ ಮನೆಯ ಪಾರ್ವತವ್ವ ತನಗರಿವಿಲ್ಲದೆ ಕೈ ಮುಗಿದಳು. ಗಂಡನನ್ನು ಕಳಿಸಿದ ದಿನ ಸಾವಿತ್ರವ್ವ ಕಂಡದ್ದು ಇದನ್ನೇ. ಆದರೆ ಅಂದು ಕುಳಿತವನ ಕಣ್ಣು ಮುಚ್ಚಿತ್ತು, ಇವನು ಕಣ್ಣು ಬಿಟ್ಟು ತನ್ನತ್ತಲೇ ನೋಡುತ್ತಿದ್ದ.

ಮಠದಲ್ಲಿ ಪುರಾಣ ಹಚ್ಚಿದರೆ ಕಂಬದ ಮರೆಗೆ ಕುಳಿತು ಕಡೆಯ ಸಾಲಿನವರೆಗೂ ಕೇಳಿ ಬೆಳೆದ ಜೀವ ಅವಳದು. ಆ ಆಟ ನೋಡಿದ ಮೇಲೆ ಒಂದು ಸಾಲೂ ಬಾಯಿಗೆ ಬಾರದಾಯಿತು. ವಿಮಾನವನ್ನು ಮಣ್ಣು ಮಾಡುವ ಕುಣಿಯ ಹತ್ತಿರವೇ ಮುರಿದು ಹಾಕಬೇಕು, ಇಡಿಯಾಗಿ ಅದು ಊರೊಳಗೆ ನಿಲ್ಲಬಾರದು. ಇದನ್ನು ಮುರಿದವರಿಲ್ಲ. ಮಧು ಮನೆಯಲ್ಲೂ ಕಂಬಕ್ಕೆ ಬೆನ್ನು ಕೊಟ್ಟು ಕುಳಿತೇ ನಿದ್ದೆ ಹೋಗತೊಡಗಿದ. ಎಷ್ಟು ಉಜ್ಜಿ ತೊಳೆದರೂ ಕಿವಿಯ ಹಿಂದೆ ಬಿಳುಪು ಉಳಿಯುತ್ತಿತ್ತು. ಒಂದು ಮಧ್ಯಾಹ್ನ ಅವಳು ಖಾಲಿ ಥಿಯೇಟರಿಗೆ ಹೋಗಿ ನೋಡಿದಳು. ಬಿದಿರಿಗೆ ಕಟ್ಟಿದ ಪಂಚೆ ಸಡಿಲಾಗಿರಲಿಲ್ಲ. ಒಳಗೆ ಯಾರೋ ಕುಳಿತೇ ಇದ್ದಾರೆಂಬಂತೆ ಒಂದು ಎದೆಯ ಸುತ್ತಳತೆಗೆ ದುಂಡಗೆ ನಿಂತಿತ್ತು.

ಅಲ್ಲಿಂದ ನೇರ ಶಂಕ್ರಪ್ಪನ ಹತ್ತಿರ ಹೋಗಿ ರಾಕೆಟ್ಟನ್ನು ಮುರಿದು ಹಾಕೆಂದಳು. ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ, ತನ್ನ ಕೈಗಳನ್ನು ನೋಡಿಕೊಂಡ. ಕಂಪನಿಯ ಮುಂದಿನ ಮೊಕ್ಕಾಂ ಸಿರ್ಸಿ, ಅಲ್ಲಿಯ ಆಟ ಮುಗಿಯಲಿ, ಮಾಲೀಕನಿಗೆ ಮಾತು ಕೊಟ್ಟಾಗಿದೆ, ಆಮೇಲೆ ಮುರಿಯೋಣ ಎಂದು ತಡವರಿಸಿದ.

"ಆಕಾಶಕ್ಕ ಹಾರಿಸಿದ್ರಲ್ಲ, ಆ ನಾಯಿ ತಿರಗಿ ಬಂತೇನಪಾ?" ಎಂದು ಕೇಳಿದಳು.

ಶಂಕ್ರಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಕಂಪನಿ ಸಿರ್ಸಿಗೆ ಹೊರಟ ಬೆಳಿಗ್ಗೆ ಸಾಮಾನು ಹೇರಿದ ಎತ್ತಿನ ಚಕ್ಕಡಿಗಳು ಓಣಿಯಲ್ಲೇ ಹಾದವು. ಕಡೆಯ ಚಕ್ಕಡಿಯ ಮೇಲೆ ರಾಕೆಟ್. ದಾರಿಯ ಕುಲುಕಾಟಕ್ಕೆ ಅದು ಕಳಚೀತೆಂದು ಮಧು ಒಳಗೆ ಕುಳಿತು ಎರಡು ಕೈಯಿಂದ ಕಂಬ ಹಿಡಿದಿದ್ದ. ಹಿಂದೆ ಬರುತ್ತಿದ್ದ ಹುಡುಗರು ಚಂದ್ರರಾಜನಿಗೆ ಜೈಕಾರ ಹಾಕುತ್ತಿದ್ದರು. ಚಕ್ಕಡಿ ಮನೆಯ ಮುಂದೆ ನಿಂತಿತು. ತಾಯಿ ವಿಭೂತಿ ಹಚ್ಚದೆ ಅವನು ಊರು ದಾಟಿದವನಲ್ಲ.

"ಅವ್ವಾ, ಹಣಿಗಿ ಹಚ್ಚಿ ಕಳಸು. ಹೊತ್ತಾತು."

ವಿಮಾನದಲ್ಲಿ ಕುಳಿತವರಿಗೆ ಮನೆಯವರು ವಿಭೂತಿ ಹಚ್ಚಿದ ಮೇಲೆಯೇ ಜನ ಹೆಗಲು ಕೊಡುವುದು. ಜೈಕಾರ ತಾನಾಗಿ ನಿಂತಿತು. ಹೆಣ ಹಾದುಹೋಗುವಾಗಿನಂತೆ ಪಾರ್ವತವ್ವ ತನ್ನ ಮನೆಯ ಬಾಗಿಲು ಮುಂದೆ ಮಾಡಿದಳು.

"ಇಳದು ಬಾ, ಹಚ್ತೀನಿ."

"ಕೈ ಬಿಟ್ರ ಇದು ಬಿಚ್ಚಿ ಬೀಳತೈತಿ. ಕುಂತಲ್ಲೇ ಹಚ್ಚಬೇ."

ಸಾವಿತ್ರವ್ವ ಹೊಸ್ತಿಲಿಂದ ಕದಲಲಿಲ್ಲ.

"ಒಲ್ಲೆ," ಅಂದಳು. "ಅದರಾಗ ಕುಂತಂವಗ ನಾ ಹಚ್ಚೂದಿಲ್ಲ."