ಮತ್ತಿಕೊಪ್ಪಕ್ಕೆ ಬಳಿದ ಕೆಂಪು

ಬಣ್ಣ ಬಳಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಕೊಬ್ಬು ನನಗಿತ್ತು. ಸುಳ್ಳೇಕೆ ಹೇಳಲಿ? ಐವತ್ತೆಂಟನೇ ಇಸವಿಯಲ್ಲಿ ನಾನು ಶಿವಮೊಗ್ಗದಲ್ಲಿ ಕಾಡಿನ ನಕ್ಷೆ ಬರೆಯುವ ನೌಕರ. ಬೇಸಿಗೆಯಲ್ಲಿ ಎಲ್ಲಿ ಎಷ್ಟು ಬೆಂಕಿಯ ಭಯವಿದೆ ಎಂದು ಭದ್ರಾವತಿ ಸುತ್ತಲಿನ ಕಾಡಂಚಿನ ಊರುಗಳನ್ನು ವಿಂಗಡಿಸಬೇಕಿತ್ತು. ಭಯ ಕಡಿಮೆಯಿದ್ದರೆ ಹಸಿರು, ನಡುಮಟ್ಟದ್ದಾದರೆ ಹಳದಿ, ಹೆಚ್ಚಿದ್ದರೆ ಕೆಂಪು. ಕೆಂಪು ಬಿದ್ದ ಕಡೆ ಸಂಕ್ರಾಂತಿಯಿಂದ ಮಳೆ ಬರುವವರೆಗೆ ಯಾರೂ ಕಾಡಿಗೆ ಕಾಲಿಡುವಂತಿಲ್ಲ.

ಮಾಗಿಯಲ್ಲಿ ಮತ್ತಿಕೊಪ್ಪಕ್ಕೆ ಹೋದೆ. ಹನ್ನೆರಡು ಹುಲ್ಲಿನ ಮನೆ, ಬೆನ್ನಿಗೇ ಗುಡ್ಡ, ಗುಡ್ಡದ ತುಂಬ ಒಣಗಿದ ಬಿದಿರು. ನಿಯಮದ ಪುಸ್ತಕ ತೆಗೆದು ಅಂಕ ಹಾಕಿದೆ. ಅನುಮಾನವೇ ಇಲ್ಲ, ಕೆಂಪು.

ಅಷ್ಟರಲ್ಲಿ ಸಾವಿತ್ರಮ್ಮ ಎಂಬವರು ತಲೆ ಮೇಲೆ ತರಗೆಲೆಯ ದೊಡ್ಡ ಹೊರೆ ಹೊತ್ತು ಗುಡ್ಡ ಇಳಿದು ಬಂದರು. ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಲು ಆ ಊರಿನ ಹೆಂಗಸರು ದಿನಾ ಕಾಡು ಗುಡಿಸುತ್ತಿದ್ದರು.

"ಇಲ್ಲಿ ಎಷ್ಟು ಸಲ ಬೆಂಕಿ ಬಿದ್ದಿದೆಯಮ್ಮ?" ಎಂದೆ.

"ನಾನು ಮದುವೆಯಾಗಿ ಬಂದು ಮೂವತ್ತು ವರ್ಷ ಆಯ್ತು. ಒಂದ್ಸಲಾನೂ ಇಲ್ಲ. ಎಲೆ ಇದ್ರೆ ತಾನೇ ಉರಿಯೋದು? ನಾವು ಎಲೆ ಬಿಟ್ರೆ ಅಲ್ವಾ ಇರೋದು! ಕಾಡಿಗೆ ಹೋಗ್ಬೇಡಿ ಅಂತ ಮಾತ್ರ ಬರೀಬೇಡಿ ಮಾರಾಯ್ರೆ. ಎರಡು ಎಮ್ಮೆ, ಈ ಹುಲ್ಲಿನ ಮನೆ, ಇಷ್ಟೇ ನನಗಿರೋದು."

"ಗುಡಿಸಿದ್ದಕ್ಕೆ ಪುಸ್ತಕದಲ್ಲಿ ಅಂಕ ಇಲ್ಲಮ್ಮ."

"ಹಂಗಾದ್ರೆ ಪುಸ್ತಕ ಬರೆದೋರ ಕೈಗೆ ಒಂದಿನ ಪೊರಕೆ ಕೊಡಿ."

ನನಗೆ ರೇಗಿಹೋಯಿತು. ಕಾಡಿನ ವಿಷಯ ಈಕೆ ನನಗೆ ಹೇಳಿಕೊಡಬೇಕೆ? ಶಿವಮೊಗ್ಗಕ್ಕೆ ಬಂದವನೇ ಮತ್ತಿಕೊಪ್ಪಕ್ಕೆ ಗಾಢವಾಗಿ ಕೆಂಪು ಬಳಿದೆ. ಬಣ್ಣ ಗೆರೆಯನ್ನು ಕೂದಲೆಳೆಯಷ್ಟೂ ದಾಟಲಿಲ್ಲ.

ಮರುವರ್ಷ ಸಂಕ್ರಾಂತಿಗೆ ಕಾವಲುಗಾರ ಗುಡ್ಡದ ದಾರಿಗೆ ಮುಳ್ಳುಬೇಲಿ ಹಾಕಿದ. ಹೆಂಗಸರು ಪೊರಕೆ ಮೂಲೆಗಿಟ್ಟರು. ಕಾಲು ಹೂತುಹೋಗುವಷ್ಟು ಎಲೆ ಉದುರಿತು. ಮಾರ್ಚಿನ ಒಂದು ಮಧ್ಯಾಹ್ನ ಬೆಂಕಿ ಬಂತು. ಜನ ಹೊಳೆಗೆ ಓಡಿ ಜೀವ ಉಳಿಸಿಕೊಂಡರು.

ಕಚೇರಿಯಲ್ಲಿ ಸಾಹೇಬರು ನನ್ನ ಬೆನ್ನು ತಟ್ಟಿದರು. "ಭೇಷ್! ನಿಮ್ಮ ನಕ್ಷೆ ಹೇಳಿದ ಹಾಗೇ ಆಯ್ತು ನೋಡಿ!"

ಅಂದೇ ಮತ್ತಿಕೊಪ್ಪಕ್ಕೆ ಬಸ್ಸು ಹತ್ತಿದೆ.

ಸಾವಿತ್ರಮ್ಮ ಕರಕಲಾದ ಕೊಟ್ಟಿಗೆಯ ಮುಂದೆ ಕೂತಿದ್ದರು. ಎಮ್ಮೆಗಳ ಹಗ್ಗ ಬಿಚ್ಚುವಷ್ಟೂ ಹೊತ್ತು ಸಿಕ್ಕಿರಲಿಲ್ಲವಂತೆ. ಬಾಯಿಗೆ ಬಂದಂತೆ ಬೈದುಬಿಡಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ.

"ಈಗ ಯಾವ ಬಣ್ಣ ಹಾಕ್ತೀರಿ?" ಎಂದು ಕೇಳಿದರು.

ಗುಡ್ಡದ ಕಡೆ ನೋಡಿದೆ. ಉರಿಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಪುಸ್ತಕದ ಪ್ರಕಾರ ಹಸಿರು.